ಟೆಲಿಫೋನ್ ಅಕ್ಕನ ಗೂಡುಗಳು

ಅವರ ಎಡಗಿವಿಯ ಮೇಲಂಚು ಎಲೆ ಮಡಚಿದ ಹಾಗೆ ಒಳಕ್ಕೆ ಬಾಗಿತ್ತು. ಬಲಗಿವಿ ಎಲ್ಲರಂತೆಯೇ. ಸಾಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ತಲೆಗೆ ಹೆಡ್‌ಫೋನ್ ಏರಿಸಿಕೊಂಡು ಕೂತದ್ದರ ಗುರುತು ಅದು. ಓಲೆ ಹಾಕಿದರೆ ಎಡಗಡೆಯದು ಕೆನ್ನೆಯ ಕಡೆ ತಿರುಗಿ ನಿಲ್ಲುತ್ತಿತ್ತು. ಇಷ್ಟು ಸರಿಯಾಗಿ ಹೇಗೆ ಹೇಳಬಲ್ಲೆನೆಂದರೆ, ಅವರು ನಮ್ಮ ಪಕ್ಕದ ಮನೆಗೆ ಬಂದ ಮೇಲೆ ಹನ್ನೊಂದು ವರ್ಷ ಅವರಲ್ಲೊಂದು ಕುಂದು ಹುಡುಕಿದವಳು ನಾನು. ಸಿಕ್ಕಿದ್ದು ಅದೊಂದೇ.

ಬೀದಿಯವರೆಲ್ಲ ಅವರನ್ನು ಟೆಲಿಫೋನ್ ಅಕ್ಕ ಎನ್ನುತ್ತಿದ್ದರು. ಟ್ರಂಕ್ ಕಾಲ್ ಕಾಲದಲ್ಲಿ ಊರಿನ ಯಾವ ಸಂಬಂಧ ಕುದುರಿತು, ಯಾವುದು ಮುರಿಯಿತು, ಯಾರ ಮನೆಗೆ ಸಾವಿನ ಸುದ್ದಿ ಬಂತು, ಎಲ್ಲ ಅವರ ಕಿವಿಯ ಮೂಲಕವೇ ಹೋದದ್ದು. ಒಂದು ಮಾತೂ ಹೊರಗೆ ಬಿದ್ದದ್ದಿಲ್ಲ. ನಾನೇ ಎಷ್ಟೋ ಸಲ ಕೆದಕಿ ನೋಡಿದ್ದೇನೆ. "ಅವರ ಮಾತು ಅವರದ್ದು ಮಾರಾಯ್ತಿ, ನಾನು ಬರೀ ವಯರು" ಎಂದು ನಕ್ಕು ಕಾಫಿ ಲೋಟ ನನ್ನ ಮುಂದೆ ತಳ್ಳುತ್ತಿದ್ದರು. ಕಾಫಿ ಚೆನ್ನಾಗಿರುತ್ತಿತ್ತು. ಅದನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ.

ಹೊಟ್ಟೆಕಿಚ್ಚಿಗೆ ಮೂಲ ನನ್ನ ಅತ್ತೆ. ಮದುವೆ, ಉಪನಯನ, ಸೀಮಂತ ಎಂದರೆ ಸುತ್ತಿನ ಜನ ವೀಳ್ಯ ಕೊಟ್ಟು ಕರೆಯುವಂಥ ಹಾಡುಗಾರ್ತಿ ಅವರು. ಮನೆಯಲ್ಲಿ ನಾನು ಒಂದು ಹಾಡು ಹೇಳಿ ಎಂದರೆ, "ಈಗ ಎಂತಕೆ? ಹಾಲು ಉಕ್ತಾ ಇದ್ದು ನೋಡು" ಎನ್ನುವವರು. ಅದೇ ಅತ್ತೆ ಮಧ್ಯಾಹ್ನ ಎರಡು ಗಂಟೆಗೆ ಸೀರೆ ಬದಲಿಸಿ, ತಲೆ ಬಾಚಿ, ಪಕ್ಕದ ಮನೆಗೆ ಹೊರಡುತ್ತಿದ್ದರು. ಅಕ್ಕ ಅವರ ಹಾಡು ರೆಕಾರ್ಡ್ ಮಾಡುವಾಗ ಬಸ್ಸಿನ ಸದ್ದು ಸೇರಬಾರದೆಂದು ಅಲ್ಲಿ ಕಿಟಕಿ ಮುಚ್ಚಿರುತ್ತಿತ್ತು. ಹಾಡು ನನಗೆ ಕೇಳಿಸುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಇಬ್ಬರೂ ನಗುವುದು ಮಾತ್ರ ಗೋಡೆ ದಾಟಿ ಬರುತ್ತಿತ್ತು. ನಾನು ಪಾತ್ರೆ ತಿಕ್ಕುತ್ತ ಲಲಿತಾ ಸಹಸ್ರನಾಮ ಹೇಳಿಕೊಳ್ಳುತ್ತಿದ್ದೆ. ಎಷ್ಟೋ ದಿನ ನಡುವಿನ ಹೆಸರುಗಳನ್ನೇ ಹಾರಿಸಿಬಿಟ್ಟಿದ್ದೇನೆ. ತಾಯಿ ಕ್ಷಮಿಸಿದ್ದಾಳೆ ಅಂದುಕೊಂಡಿದ್ದೇನೆ.

ಅಕ್ಕನ ಮನೆಯ ಗೋಡೆಗೂಡಿನಲ್ಲಿ ಒಂದು ಕಂಪ್ಯೂಟರ್ ಪೆಟ್ಟಿಗೆಯಿತ್ತು, ಸಂಡಿಗೆ ಡಬ್ಬಿಯಷ್ಟು ದೊಡ್ಡದು. ಅಂಥದ್ದೇ ಇನ್ನೊಂದು ಹೊಸನಗರದಲ್ಲಿ, ಮತ್ತೊಂದು ತೀರ್ಥಹಳ್ಳಿಯಲ್ಲಿ. ಅಲ್ಲಿನ ಇಬ್ಬರೂ ಹಳೆಯ ಆಪರೇಟರುಗಳೇ. ಮುಖ ನೋಡುವ ಎಷ್ಟೋ ವರ್ಷ ಮೊದಲೇ ತಂತಿಯಲ್ಲಿ ಪರಸ್ಪರ ದನಿ ಗುರುತು ಹಿಡಿದಿದ್ದ ಹೆಂಗಸರು. ನಿವೃತ್ತಿಯಾದ ಮೇಲೆ ಮೂವರೂ ಒಂದು ಶಿಬಿರಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದರು. ಹಾಡು, ಫೋಟೊ, ಅಡುಗೆಯ ಲೆಕ್ಕ, ಹಳೆಯ ಕಾಗದ, ಯಾರು ಏನು ತಂದರೂ ಅದಕ್ಕೆ ಪೆಟ್ಟಿಗೆಯೊಳಗೆ ಒಂದು ಜಾಗ. ಅದಕ್ಕೂ ಅಕ್ಕ ಗೂಡು ಎಂದೇ ಹೇಳುವುದು. ಗೂಡಿಗೆ ಬೀಗ ಬೇಕಲ್ಲ, ಆ ಬೀಗ ಒಂದು ಗುಟ್ಟಿನ ಮಾತು. ಅದನ್ನು ಗೂಡಿನವಳೇ ಹಾಕಬೇಕು. ನಮ್ಮತ್ತೆ ಒಂದೇ ಬೆರಳಲ್ಲಿ ಅದನ್ನು ಒತ್ತುವಾಗ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದರಂತೆ. ಗೂಡಿನ ಒಂದೊಂದು ನಕಲು ಉಳಿದೆರಡು ಊರಿನ ಪೆಟ್ಟಿಗೆಯಲ್ಲೂ ಇರುತ್ತಿತ್ತು. ಬೀಗ ಹಾಕಿಯೇ ಇರುತ್ತಿತ್ತು.

"ಇಷ್ಟೆಲ್ಲ ಯಾಕೆ? ಫೋನಿಗೆ ಹಾಕಿದ್ರೆ ಆಗಲ್ವಾ?" ಎಂದು ನಾನೊಮ್ಮೆ ಕೇಳಿದೆ.

"ಫೋನಿಗೆ ಹಾಕಿದ್ದು ಎಲ್ಲಿಗೆ ಹೋಗಿ ಕೂರುತ್ತೆ, ಹೇಳು ನೋಡುವ" ಎಂದರು.

"ನಂಗೆಂತ ಗೊತ್ತು?"

"ಅದೇ ಕಣೇ. ನಿನ್ನ ಒಡವೆ ತೀರ್ಥಹಳ್ಳಿ ಗೆಳತಿ ಮನೇಲಿಟ್ರೆ ನಾಳೆ ಹೋಗಿ ಕೊಡೇ ಅಂತ ಕೇಳಬಹುದು. ಎಲ್ಲಿಟ್ಟಿದೀನಿ ಅಂತ್ಲೇ ಗೊತ್ತಿಲ್ದಿದ್ರೆ ಯಾರ ಬಾಗ್ಲು ತಟ್ತೀಯ?"

ಅವರದ್ದು ಇನ್ನೊಂದು ಪದ್ಧತಿಯಿತ್ತು. ಯಾರ ಹಾಡನ್ನು ತೆಗೆದುಕೊಳ್ಳುವುದಿದ್ದರೂ ಎಲೆ ಅಡಿಕೆ ಹಿಡಿದು ಅವರ ಮನೆಗೆ ಹೋಗಿ ಕೂತು, "ಇದನ್ನ ಯಾರ್‍ಯಾರು ಕೇಳಬಹುದು?" ಎಂದು ವಿಚಾರಿಸುವುದು. ಅವರು ಹೇಳಿದ ಹೆಸರುಗಳಿಗಷ್ಟೇ ಆ ಗೂಡು ತೆರೆಯುತ್ತಿತ್ತು. ನಾಳೆ ಮನಸ್ಸು ಬದಲಾದರೆ ಹೆಸರೂ ಬದಲು. ಅತ್ತೆಯ ಗೂಡಿನಲ್ಲಿ ಯಾರ ಹೆಸರಿದೆ ಎಂದು ನಾನು ಕೇಳಲಿಲ್ಲ. ನನ್ನದು ಇರಲಾರದು ಎಂದು ನಾನೇ ತೀರ್ಮಾನಿಸಿಕೊಂಡು, ಆ ಉರಿಯಲ್ಲೇ ದಿನ ಕಳೆದೆ.

ಹೇಳಬಾರದ ಮಾತೊಂದನ್ನು ಹೇಳುತ್ತೇನೆ. ಆ ವರ್ಷ ಸಿಗಂದೂರಿಗೆ ಹೋದಾಗ ಮನೆಯವರ ಆರೋಗ್ಯ, ಮಗಳ ಪರೀಕ್ಷೆ ಎಲ್ಲ ಬೇಡಿಕೊಂಡ ಮೇಲೆ, ಕಡೆಗೆ, "ಅಮ್ಮಾ, ಆ ಪೆಟ್ಟಿಗೆಯೊಂದು ಕೆಟ್ಟುಹೋಗಲಿ" ಎಂದೂ ಬೇಡಿಕೊಂಡುಬಿಟ್ಟೆ. ಎಂಟು ದಿನಕ್ಕೆ ಸಿಡಿಲು ಬಡಿದು ಅಕ್ಕನ ಮನೆಯ ಟಿವಿ, ಫ್ಯಾನು, ಪೆಟ್ಟಿಗೆ ಮೂರೂ ಸುಟ್ಟವು. ತಪ್ಪಾಯಿತೆಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿಟ್ಟು ಅವರ ಮನೆಗೆ ಓಡಿದರೆ, ಅವರು ಜಗಲಿಯಲ್ಲಿ ಬೀನ್ಸ್ ಮುರಿಯುತ್ತ ಕೂತಿದ್ದಾರೆ!

"ಹಾಡೆಲ್ಲ ಹೋಯ್ತಾ ಅಕ್ಕಾ?"

"ಹಾಡೆಲ್ಲಿಗೆ ಹೋಗುತ್ತೆ? ತೀರ್ಥಹಳ್ಳಿಯಲ್ಲಿದೆ, ಹೊಸನಗರದಲ್ಲಿದೆ. ಹೊಸ ಪೆಟ್ಟಿಗೆ ಬಂದ್ರೆ ಒಂದಿನದಲ್ಲಿ ವಾಪಸ್ ಬರುತ್ತೆ. ಫ್ಯಾನಿಗೇ ಬೇಜಾರು, ಸೆಖೆ ನೋಡು."

ಹೊರಗೆ ಅಯ್ಯೋ ಎಂದೆ. ಒಳಗೆ ಎರಡೂ ಆಯಿತು, ಸಮಾಧಾನವೂ, ಕಿಚ್ಚೂ. ನನ್ನ ಬೇಡಿಕೆ ಪೆಟ್ಟಿಗೆಯಷ್ಟಕ್ಕೇ ನಿಂತಿತಲ್ಲ, ಅದು ಅಮ್ಮನ ದಯೆ ಎಂದು ಈಗ ಎಣಿಸುತ್ತೇನೆ.

ಅವರಿಗೆ ಪೆಟ್ಟಿಗೆಯಿದ್ದರೆ ನನಗೊಂದು ಚಾನೆಲ್ ಇರಲಿ ಎಂದು ಮೊಬೈಲಿನಲ್ಲಿ ಶುರುಮಾಡಿದೆ. ತಂಬುಳಿ, ಅಪ್ಪೆಹುಳಿ ಮಾಡುವುದನ್ನು ಹಾಕಿದೆ. ನೋಡಿದವರು ಮನೆಯವರೇ. ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ನನ್ನ ತಂಗಿಯ ಮಗಳ ಮದುವೆ ಬಂತು. ಗಂಡಿನ ಕಡೆಯವರು ಪಂಕ್ತಿಗೆ ಕೂತಾಗ ನಮ್ಮತ್ತೆ ಬೀಗರ ಹಾಡು ಎತ್ತಿಕೊಂಡರು. ಬೀಗರನ್ನು ಹೆಸರು ಹಿಡಿದು ಹಂಗಿಸುವ ಹಾಡು ಅದು. ಬೀಗಿತ್ತಿ ಸೆರಗಿನಲ್ಲಿ ಹೋಳಿಗೆ ಕಟ್ಟಿಕೊಂಡದ್ದು, ಅದು ಸೋರಿ ಬೆಲ್ಲ ಇಳಿದದ್ದು, ಇರುವೆ ಮುತ್ತಿದ್ದು. ಆ ಬೀಗಿತ್ತಿ ಹೊಸನಗರದಲ್ಲಿ ಶಾಲೆಯ ಟೀಚರು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ, ಕಣ್ಣೊರೆಸಿಕೊಂಡು ನಕ್ಕರು. ನಾನು ಕಂಬದ ಮರೆಯಲ್ಲಿ ನಿಂತು ಅಷ್ಟನ್ನೂ ಫೋನಿನಲ್ಲಿ ಹಿಡಿದು, ಸಂಜೆ ಬಸ್ಸಿನಲ್ಲೇ ಚಾನೆಲ್‌ಗೆ ಹಾಕಿದೆ. ಅತ್ತೆ ಕೊನೆಗೂ ನನಗೆ ಸಿಕ್ಕಿದರು ಅನ್ನಿಸಿತ್ತು.

ನಾಲ್ಕು ದಿನದಲ್ಲಿ ಅದು ನನ್ನ ಕೈ ತಪ್ಪಿತು. ಯಾರೋ ಕತ್ತರಿಸಿ, ಕೆಳಗೆ ನಗುವ ಗೊಂಬೆ ಅಂಟಿಸಿ ಊರೂರಿಗೆ ಕಳಿಸಿದರು. ಶಾಲೆಯಲ್ಲಿ ಮಕ್ಕಳು, "ಟೀಚರ್, ಇವತ್ತೆಷ್ಟು ಹೋಳಿಗೆ ಕಟ್ಕೊಂಡ್ರಿ?" ಎಂದು ಕೇಳಿದರಂತೆ. ಟೀಚರು ವಾರ ರಜೆ ಹಾಕಿ ಮನೆಯಲ್ಲಿ ಕೂತರು. ತಂಗಿ ಫೋನ್ ಮಾಡಿ, "ಅಕ್ಕಾ, ಕೂಸು ಅತ್ತೆಮನೇಲಿ ತಲೆ ಎತ್ತದು ಹ್ಯಾಂಗೆ?" ಎಂದು ಅತ್ತಳು. ನಾನು ಅಳಿಸಿದೆ. ಅಳಿಸಿದ್ದು ನನ್ನ ಫೋನಿನಲ್ಲಿ ಮಾತ್ರ.

ಅತ್ತೆ ಕೂಗಾಡಲಿಲ್ಲ. "ಆ ಹಾಡು ಆ ಪಂಕ್ತಿಗೆ ಹೇಳಿದ್ದು. ಎಲೆ ಎತ್ತಿದ ಮೇಲೆ ಅದು ಮುಗದ್ದು" ಎಂದರು. ಮಾರನೆಯ ಮಧ್ಯಾಹ್ನ ಪಕ್ಕದ ಮನೆಗೆ ಹೋಗಿ ಬೇಗನೆ ವಾಪಸಾದರು. "ನಿನ್ನ ಹೆಸ್ರು ತೆಗೆಸಿ ಬಂದಿ" ಎಂದರು.

ನನಗೆ ಅರ್ಥವಾಗಲಿಲ್ಲ. "ಎನ್ನ ಹೆಸ್ರು ಅಲ್ಲಿ ಎಲ್ಲಿತ್ತು ಅತ್ತೆ?"

"ಮೊದಲ್ನೇ ದಿನವೇ ನಾ ಬರೆಸಿದ್ದಿ. ನೀನು ಕೇಳಿದ್ದೇ ಇಲ್ಲೆ."

ಆ ದಿನ ನಾನು ಊಟ ಮಾಡಲಿಲ್ಲ. ಸಂಜೆ ಅಕ್ಕನ ಮನೆಗೆ ಹೋಗಿ ಅತ್ತೂ ಕರೆದೂ ಕೇಳಿದೆ, ಹೆಸರು ಮತ್ತೆ ಸೇರಿಸಿ ಎಂದು. ಇವರು ಮನಸ್ಸು ಮಾಡಿದರೆ ಆಗುತ್ತದೆ ಎಂದೇ ನಂಬಿದ್ದೆ.

"ಆಗಲ್ಲ ಮಾರಾಯ್ತಿ. ನನ್ನ ಕೈಲಿಲ್ಲ ಅದು."

"ಪೆಟ್ಟಿಗೆ ನಿಮ್ಮದಲ್ವಾ?"

"ಪೆಟ್ಟಿಗೆ ನಂದು. ಗೂಡು ನಿಮ್ಮತ್ತೇದು. ನಿಮ್ಮನೇಲೇ ಇದಾರೆ, ಹೋಗಿ ಕೇಳು."

"ಹೋಗ್ಲಿ, ನನ್ನ ಬಗ್ಗೆ ಅವರು ನಿಮ್ಮ ಹತ್ರ ಎಂತ ಹೇಳ್ತಾರೆ, ಅದನ್ನಾದ್ರೂ ಹೇಳಿ."

ಅವರು ಎದ್ದರು. "ಕಾಫಿ ಮಾಡ್ತೀನಿ, ಕೂತ್ಕೋ" ಎಂದರು.

ಕಾಫಿ ಕುಡಿಯದೆ ಎದ್ದು ಬಂದೆ. ಎರಡು ತಿಂಗಳು ಅವರ ಮುಖ ನೋಡಲಿಲ್ಲ. ಅತ್ತೆ ದಿನಾ ಹೋಗುತ್ತಿದ್ದರು. ಹಾಡಲಿಕ್ಕಲ್ಲ, ಮಾತಿಗೆ. ಆ ನಗು ಮತ್ತೆ ಗೋಡೆ ದಾಟಿ ಬರಲು ಶುರುವಾದಾಗ ನನಗೆ ತಡೆಯಲಾಗಲಿಲ್ಲ. ಮೊದಲು ಹೊಸನಗರಕ್ಕೆ ಹೋಗಿ ಟೀಚರ ಕಾಲಿಗೆ ಬಿದ್ದು ಬಂದೆ. ಅವರು ಎಬ್ಬಿಸಿ ಊಟ ಹಾಕಿದರು, ಹೋಳಿಗೆ ಮಾತ್ರ ಬಡಿಸಲಿಲ್ಲ. ಮಾರನೆಯ ಬೆಳಿಗ್ಗೆ ದೇವರ ದೀಪ ಹಚ್ಚಿ, ಮಾವನಿಗೆ ಕಾಫಿ ಕೊಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಅತ್ತೆಯ ಮುಂದೆ ಕೂತೆ. ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಉಂಡವಳು ಮೊದಲ ಸಲ ಹೀಗೆ ಕೂತದ್ದು.

"ಅತ್ತೆ, ನಿಂಗಳ ಹಾಡು ಎಂಗೆ ಕೇಳ್ಲಕ್ಕಾ?"

ಎಲೆ ಅಡಿಕೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ನವರಾತ್ರಿ ಕಳೆಯಿತು. ವಿಜಯದಶಮಿಯ ಮಧ್ಯಾಹ್ನ ಸೀರೆ ಬದಲಿಸಿ, "ಬತ್ಯಾ?" ಎಂದರು. ಜೊತೆಗೆ ಹೋದೆ. ನನ್ನ ಹೆಸರು ಮತ್ತೆ ಸೇರಿಸಲಿಕ್ಕೆ ಅತ್ತೆ ಗುಟ್ಟಿನ ಮಾತು ಒತ್ತುವಾಗ ಅಕ್ಕ ಗೋಡೆ ನೋಡಿದರು. ನಾನೂ ನೋಡಿದೆ.

ಅದಾಗಿ ಒಂದು ವರ್ಷ ಎಲ್ಲ ಹಾಡೂ ಕೇಳಿದೆ. ಕಿಚ್ಚು ಆರಿತು ಎಂದರೆ ಸುಳ್ಳು. ಪ್ರತಿ ಹಾಡಿನ ಕೊನೆಯಲ್ಲಿ ಅಕ್ಕನ "ಆಹಾ" ಎಂಬ ಮೆಲುದನಿ ಇರುತ್ತಿತ್ತು. ಅದಕ್ಕೆ ಅತ್ತೆ ಖುಷಿಯಾಗುವುದೂ ಕೇಳಿಸುತ್ತಿತ್ತು.

ಆಮೇಲೆ ಅಕ್ಕನಿಗೆ ಕಾಯಿಲೆಯಾಯಿತು. ಆಸ್ಪತ್ರೆಯವರು ಮನೆಗೆ ಕಳಿಸಿದರು. ಪೆಟ್ಟಿಗೆ ನೋಡಿಕೊಳ್ಳುವುದನ್ನು ಅವರು ಕಲಿಸಿದ್ದು ನನಗೆ, ಮಂಚದ ಮೇಲೆ ಒರಗಿಕೊಂಡು, ಬೈಯುತ್ತ. ಒಂದು ದಿನ ಹತ್ತಿರ ಕರೆದು ಕಿವಿಯಲ್ಲಿ ಒಂದು ಮಾತು ಹೇಳಿದರು. ಅದು ಅವರದ್ದೇ ಗೂಡಿನ ಬೀಗ. ದಿನಾ ಸಂಜೆ ಅವರು ಆ ದಿನದ್ದನ್ನೆಲ್ಲ ಪೆಟ್ಟಿಗೆಗೆ ಹೇಳಿಕೊಳ್ಳುತ್ತಿದ್ದರಂತೆ. ಯಾರಿಗೂ ಹೇಳದ್ದನ್ನೆಲ್ಲ.

"ನನ್ನ ಹದಿಮೂರನೇ ದಿನ ಅದನ್ನ ಅಳಿಸು. ಬೀಗ ತೆಗೆದು ಅಳಿಸಿದ್ರೆ ಮೂರೂ ಊರಲ್ಲಿ ಹೋಗುತ್ತೆ. ಕೇಳ್ಬೇಡ."

"ನಾನೇ ಯಾಕೆ ಅಕ್ಕಾ? ಅತ್ತೆ ಇದಾರೆ, ಹೊಸನಗರದ ನಿಮ್ಮ ಗೆಳತಿ ಇದಾರೆ."

"ಅವರಿಗೆ ಕೇಳ್ಬೇಕು ಅಂತ ಆಸೇನೇ ಆಗಲ್ಲ ಕಣೇ. ನಿಂಗೆ ಆಗುತ್ತೆ. ಅದಕ್ಕೇ ನಿಂಗೆ ಕೊಟ್ಟಿದ್ದು."

ನನ್ನ ಮೇಲೆ ಅಷ್ಟು ಭಾರದ ನಂಬಿಕೆಯನ್ನು ಅದಕ್ಕೆ ಮೊದಲು ಯಾರೂ ಇಟ್ಟಿರಲಿಲ್ಲ, ಆಮೇಲೂ ಇಟ್ಟಿಲ್ಲ.

ಹದಿಮೂರನೆಯ ದಿನ ಊಟ ಮುಗಿದ ಮೇಲೆ ಅವರ ಕೋಣೆಯಲ್ಲಿ ಒಬ್ಬಳೇ ಕೂತು ಬೀಗ ತೆಗೆದೆ. ದಿನ, ತಿಂಗಳು, ಸಾಲಾಗಿ. ಅತ್ತೆ ನನ್ನ ಹೆಸರು ತೆಗೆಸಿದ ದಿನವೂ ಇತ್ತು, ನಾನು ಕಾಫಿ ಬಿಟ್ಟು ಎದ್ದು ಬಂದ ದಿನವೂ ಇತ್ತು. ಅತ್ತೆಗೆ ನಾನು ಏನು, ಅಕ್ಕನಿಗೆ ನಾನು ಏನು, ಹನ್ನೊಂದು ವರ್ಷ ಗೋಡೆಗೆ ಕಿವಿಯಿಟ್ಟು ಹುಡುಕಿದ್ದೆಲ್ಲ ಬೆರಳ ತುದಿಯಲ್ಲಿತ್ತು. ಬೆರಳನ್ನು ಒಂದರ ಮೇಲೆ ಇಟ್ಟೂ ಇಟ್ಟೆ. ಬಾಯಲ್ಲಿ ದೇವರ ಹೆಸರೂ ಬರಲಿಲ್ಲ. ಎಷ್ಟು ಹೊತ್ತು ಕೂತೆನೋ, ಹೊರಗೆ ಎಲೆ ತೆಗೆಯುವ ಸದ್ದು ನಿಂತಿತ್ತು. ಅಳಿಸಿದೆ. ಹೊಸನಗರಕ್ಕೂ ತೀರ್ಥಹಳ್ಳಿಗೂ ಫೋನ್ ಮಾಡಿ ಅಲ್ಲೂ ಹೋಗಿದೆಯೇ ಎಂದು ಕೇಳಿದೆ. ಹೋಗಿದೆ ಎಂದರು.

ಮನೆಗೆ ಬಂದಾಗ ಅತ್ತೆ ಒಳಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ಕೇಳ್ದ್ಯನೆ?"

"ಇಲ್ಲೆ ಅತ್ತೆ. ಅಳಿಸ್ದಿ."

"ಎಂತ ಇರ್ತಿತ್ತು ಅದ್ರಲ್ಲಿ. ನಾ ನಿನ್ನ ಬೈದದ್ದೇ ಅರ್ಧ" ಎಂದರು.

"ಎಂತ ಬೈತಿದ್ರಿ ಹೇಳಿಯಾದ್ರೂ ಗೊತ್ತಾಗ್ತಿತ್ತು" ಎಂದೆ. ಅಳು ಬಂದಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅದಂತೂ ಹೋತು. ಇನ್ನು ನಿನ್ನ ಬೈಯೋದಾದ್ರೂ ನಿನ್ನ ಹತ್ರವೇ ಬೈಯಕ್ಕು. ಕೂತ್ಕ ಇಲ್ಲಿ."

ಕೂತೆ. ನಾನು ಹುಳಿಗೆ ಉಪ್ಪು ಜಾಸ್ತಿ ಹಾಕುವುದರಿಂದ ಶುರುವಾದದ್ದು, ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಾದರೂ ಮುಗಿದಿರಲಿಲ್ಲ.