ಭಾವನ ಬ್ಯಾಗಿನಲ್ಲಿ ಆವಕಾಯಿ

ಭಾವನ ಬ್ಯಾಗಿನೊಳಗೆ ಉಪ್ಪಿನಕಾಯಿ ಬಾಟಲಿ ಇಟ್ಟವನು ನಾನು. ನನ್ನ ಅಕ್ಕ ಅಲ್ಲ. ಇಷ್ಟನ್ನು ಬರೆಯಲು ನನಗೆ ವರ್ಷಗಳೇ ಹಿಡಿದವು.

ಅಕ್ಕನ ಮಗಳು ದೆಹಲಿಯಲ್ಲಿ ಮನೆ ಕೊಂಡಿದ್ದಳು. ಗೃಹಪ್ರವೇಶಕ್ಕೆ ಮುಳಬಾಗಿಲಿನ ಅಕ್ಕ, ಭಾವ, ಶ್ರೀನಿವಾಸಪುರದ ನಾನು ಹೊರಟೆವು. ಮೂವರಿಗೂ ಅದು ಮೊದಲ ವಿಮಾನಪ್ರಯಾಣ. ಭಾವ ಲೆಕ್ಕಪರಿಶೋಧನೆಯ ಕೆಲಸದಿಂದ ನಿವೃತ್ತರಾದವರು; ನಿಯಮವೆಂದರೆ ಪ್ರಾಣ. ಕೈಯಲ್ಲಿ ಒಯ್ಯುವ ಬ್ಯಾಗಿನಲ್ಲಿ ಚಾಕು ಕೂಡದು, ಕತ್ತರಿ ಕೂಡದು, ಒಣಕೊಬ್ಬರಿ ಕೂಡದು, ಎಣ್ಣೆಯ ಪದಾರ್ಥವಂತೂ ಸುತರಾಂ ಕೂಡದು ಎಂದು ವಾರವಿಡೀ ಪಾಠ ಹೇಳಿದರು. ಅಕ್ಕನ ಸೀರೆಯ ಪಿನ್ನಿನ ಮೇಲೂ ಅವರಿಗೆ ಅನುಮಾನ. ದೊಡ್ಡ ಸೂಟ್‌ಕೇಸಿಗೆ ತಾವೇ ಬೀಗ ಜಡಿದರು.

ನನಗೋ ಆವಕಾಯಿ ಇಲ್ಲದೆ ಅನ್ನ ಇಳಿಯದು. ನಮ್ಮೂರ ಮಾವಿನದು, ಮೇಲೆ ಎಣ್ಣೆ ತೇಲುವಂಥದು... ಹೊರಡುವ ದಿನ ಮುಳಬಾಗಿಲಿನ ಮನೆಯಲ್ಲಿ ಭಾವ ಸ್ನಾನಕ್ಕೆ ಹೋದಾಗ ಬಾಟಲಿಯನ್ನು ಅವರದೇ ಪಂಚೆಯಲ್ಲಿ ಸುತ್ತಿ ಅವರದೇ ಬ್ಯಾಗಿನ ತಳಕ್ಕೆ ಸೇರಿಸಿದೆ. ಹಣೆ ತುಂಬ ವಿಭೂತಿ, ಆ ಗಂಭೀರ ಮುಖ — ಇಂಥವರ ಬ್ಯಾಗನ್ನು ಯಾರು ಬಿಚ್ಚಿಸುತ್ತಾರೆ ಎಂಬ ಧೈರ್ಯ. ಯಂತ್ರ ಮುಖ ನೋಡುವುದಿಲ್ಲವೆಂದು ನನಗೇನು ಗೊತ್ತು —

ವಿಮಾನನಿಲ್ದಾಣದಲ್ಲಿ ತಪಾಸಣೆಯವನು ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಎಣ್ಣೆ ಸೋರಿ ಪಂಚೆ ಕೆಂಪಾಗಿತ್ತು. ಭಾವ ಅದಕ್ಕಿಂತ ಕೆಂಪಾಗಿ ಅಕ್ಕನ ಕಡೆ ತಿರುಗಿದರು.

"ನಿಂದೇ ಕೆಲ್ಸ ಕಣೇ ಇದು!"

"ದೇವ್ರಾಣೆ ನಾನಿಟ್ಟಿಲ್ಲ ರೀ."

ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಇಲ್ಲ, ಬಾಯಿ ತೆರೆದೆ: "ಹೋಗ್ಲಿ ಬಿಡಿ ಭಾವ. ಪಾಪ, ಮಗಳಿಗೇಂತ ಆಸೆಯಿಂದ ಇಟ್ಟಿರ್ತಾಳೆ."

ಅಲ್ಲಿಗೆ ತೀರ್ಪಾಯಿತು. ದೆಹಲಿ ಮುಟ್ಟುವವರೆಗೂ ಭಾವ ಅಕ್ಕನೊಡನೆ ಮಾತಾಡಲಿಲ್ಲ. ಈಗಲೂ ಅವಳು ಬಸ್ಸಿನಲ್ಲಿ ಕೋಲಾರಕ್ಕೆ ಹೊರಟರೂ ಬ್ಯಾಗು ಬಿಚ್ಚಿ ನೋಡುತ್ತಾರೆ. ಮದುವೆ ಊಟದ ಪಂಕ್ತಿಯಲ್ಲೆಲ್ಲ ಈ ಕಥೆ ಹೇಳುತ್ತಾರೆ. ಜನ ನಗುತ್ತಾರೆ. ನಾನೂ ನಕ್ಕಿದ್ದೇನೆ — ಎಲ್ಲರಿಗಿಂತ ಜೋರಾಗಿ. ಅಕ್ಕ ಮಾತ್ರ ಪ್ರತಿ ಸಲವೂ "ನಾನಿಟ್ಟಿಲ್ಲ" ಅನ್ನುತ್ತಿದ್ದಳು.

ಕಳೆದ ತಿಂಗಳು ಮಾಲೂರಿನ ಮದುವೆಯಲ್ಲಿ ಹಾಗನ್ನಲಿಲ್ಲ. "ಹೂಂ, ನಾನೇ ಇಟ್ಟಿದ್ದೆ" ಎಂದುಬಿಟ್ಟಳು. ಸಾರು ಕಲಸುತ್ತಾ, ಯಾರ ಮುಖವನ್ನೂ ನೋಡದೆ. ಹೇಳಿ ಹೇಳಿ ಸೋತಿದ್ದಳು ನನ್ನಕ್ಕ.

ಮೊನ್ನೆ ಮುಳಬಾಗಿಲಿಗೆ ಹೋಗಿ ಇಬ್ಬರೆದುರೂ ನಿಜ ಹೇಳಿದೆ. ಭಾವ ಎದ್ದು ಬಂದು ನನ್ನ ಬೆನ್ನು ತಟ್ಟಿದರು.

"ನೋಡೇ, ನಿನ್ನ ಮಾನ ಉಳ್ಸೋಕೆ ತಪ್ಪು ತನ್ ಮೇಲೆ ಹಾಕ್ಕೊಳ್ತಿದಾನೆ! ಇಂಥಾ ತಮ್ಮ ಯಾರಿಗ್ ಸಿಕ್ತಾನೆ?"

"ಇಲ್ಲ ಭಾವ, ನಿಜವಾಗ್ಲೂ ನಾನೇ —"

"ಸುಮ್ನಿರೋ. ಅವಳೇ ಒಪ್ಕೊಂಡಾಯ್ತಲ್ಲ."

ಅಕ್ಕ ನನ್ನನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಊಟ ಮಾಡ್ಕೊಂಡ್ ಹೋಗೋ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮುಂದಿನ ಮದುವೆಯಲ್ಲಿ ಭಾವ ಕಥೆ ಶುರುಮಾಡಿದ ಕೂಡಲೇ ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅಲ್ಲಿಯೂ ನನ್ನನ್ನೇ ಹೊಗಳಿದರೆ — ಕುಳಿತುಕೊಳ್ಳುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ.