ಎದೆಯ ಗುಳಿಗೆ, ಸೊಂಟದ ಸೂಜಿ

ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ಬೆನ್ನಿಗೆ ಇಂಜೆಕ್ಷನ್ ತೆಗೆದುಕೊಳ್ಳಲು ಬೋರಲಾಗಿ ಮಲಗಿದ್ದೆ. ಡಿಸ್ಕ್ ಜಾರಿ ಎಡಗಾಲು ತಿಂಗಳಿಂದ ಸುಡುತ್ತಿತ್ತು. ಕೆಂಭಾವಿಯ ನಮ್ಮ ಹೊಲಕ್ಕೆ ಕಾಲುವೆ ನೀರು ಬಿಟ್ಟಿದ್ದರು. ನನಗೆ ನಾಟಿಗೆ ಹೋಗುವ ಅವಸರ. ನರ್ಸ್ ಮೂರನೇ ಸಲ ಕೇಳಿದರು, ‘ಅಕ್ಕಾರ, ಬ್ಯಾರೆ ಗುಳಿಗಿ ಏನರ ತಗೋತೀರೇನ್ರಿ?’

‘ಇಲ್ಲಂತ ಎಷ್ಟ್ ಸಲ ಹೇಳ್ಬೇಕ್ರಿ? ಲಗೂನ ಸೂಜಿ ಮಾಡ್ರಿ’ ಎಂದು ರೇಗಿದೆ.

ಆಕೆ ಬಿಡಲಿಲ್ಲ. ನನ್ನನ್ನು ಕೇಳಿಯೇ ನನ್ನ ಚೀಲ ತೆರೆದು, ಒಂದು ಗುಳಿಗೆ ಪಟ್ಟಿ ತೆಗೆದು ತೋರಿಸಿದರು.

‘ಅದು ಎದಿ ಗುಳಿಗಿರಿ, ಸೊಂಟದ್ದಲ್ಲ’ ಎಂದೆ.

ಪಕ್ಕದಲ್ಲಿ ಸೂಜಿ ಹಿಡಿದು ನಿಂತಿದ್ದ ಡಾಕ್ಟರ್ ಅದನ್ನು ಕೆಳಗಿಟ್ಟರು. ಅದು ರಕ್ತ ತೆಳುವಾಗಿಸುವ ಗುಳಿಗೆ. ಹಾಗೇ ಚುಚ್ಚಿದ್ದರೆ ಬೆನ್ನೊಳಗೆ ರಕ್ತ ಕಟ್ಟಿ ಎರಡೂ ಕಾಲಿನ ಸ್ವಾಧೀನ ತಪ್ಪಬಹುದಿತ್ತಂತೆ. ‘ನೀವಾಗೇ ಗುಳಿಗಿ ಬಿಡಬ್ಯಾಡ್ರಿ, ಎದಿ ಡಾಕ್ಟರನ್ನ ಕೇಳ್ಕೊಂಡು ಬರ್ರಿ’ ಎಂದು ಕಳಿಸಿದರು. ಎದೆಯ ಡಾಕ್ಟರ್ ಹೇಳಿದಷ್ಟು ದಿನ ಗುಳಿಗೆ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಇಂಜೆಕ್ಷನ್ ಆಯಿತು. ನೋವು ಇಳಿಯಿತು.

ಇಂಜೆಕ್ಷನ್ ಆದ ದಿನ ಆ ನರ್ಸ್ ರಜೆಯಲ್ಲಿದ್ದರು. ರೇಗಿದ್ದಕ್ಕೆ ತಪ್ಪಾಯಿತೆನ್ನಲು ಆಗಲಿಲ್ಲ. ಬದುವಿನ ಮೇಲೆ ನಡೆಯುವಾಗೆಲ್ಲ ಆ ಕೊರಗೂ ನನ್ನ ಜೊತೆಗೇ ನಡೆಯುತ್ತದೆ.