ಮೂರನೆಯ ಹಲಗೆಯ ಲೋಳೆ

ಹಲಗೆಯಕ್ಕನಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬಂದರಿನ ಪಕ್ಕದ ಕಡಲ ಸಂಶೋಧನಾ ಕೇಂದ್ರದಲ್ಲಿ ಮೂವತ್ತು ವರ್ಷ ಅವಳದು ಒಂದೇ ಕೆಲಸ. ಆರು ಕಲ್ಲಿನ ಹಲಗೆಗಳನ್ನು ಹಗ್ಗ ಕಟ್ಟಿ ನೀರಿಗಿಳಿಸುವುದು, ತಿಂಗಳಿಗೊಮ್ಮೆ ಮೇಲೆತ್ತುವುದು. ಅಷ್ಟರಲ್ಲಿ ಅವುಗಳ ಮೇಲೆ ಕೊಳವೆಹುಳುಗಳು ಸುಣ್ಣದ ಸಣ್ಣ ಕೊಳವೆ ಕಟ್ಟಿಕೊಂಡು ಸಂಸಾರ ಹೂಡಿರುತ್ತಿದ್ದವು. ಡಾಕ್ಟರಮ್ಮ ಎಣಿಸಿ ಬರೆದುಕೊಂಡ ಮೇಲೆ ಅಕ್ಕ ಎಲ್ಲವನ್ನೂ ಕೆರೆದು, ಉಳಿದ ಲೋಳೆಯನ್ನು ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ ಮತ್ತೆ ಇಳಿಸಬೇಕು.

ಡಾಕ್ಟರಮ್ಮ ಯಾರ ನಾಡಿಯನ್ನೂ ಹಿಡಿದವರಲ್ಲ, ಹುಳುಗಳ ಡಾಕ್ಟರು. ನಗು ಅವರ ಮುಖದ ಹತ್ತಿರ ಸುಳಿಯುತ್ತಿದ್ದುದೇ ಅಪರೂಪ. ಆದರೂ ಮೊದಲ ವಾರದಲ್ಲೇ ಅಕ್ಕನನ್ನು ಕರೆದು ಮಸೂರದಡಿ ಹುಳುವಿನ ಒಂದು ಮರಿ ತೋರಿಸಿದ್ದರು. ಧೂಳಿನ ಕಣದಷ್ಟಿದ್ದ ಅದು ಕಲ್ಲನ್ನು ಮುಟ್ಟುತ್ತಿತ್ತು, ಬಿಡುತ್ತಿತ್ತು, ಮತ್ತೆ ಮುಟ್ಟುತ್ತಿತ್ತು.

"ಜಾಗ ನೋಡ್ತಿದೆ. ಒಂದ್ಸಲ ಅಂಟಿಕೊಂಡ್ರೆ ಸಾಯೋ ತನಕ ಅಲ್ಲೇ."

"ಪುಣ್ಯ ಮಾಡಿದೆ ಬಿಡಿ. ಮತ್ತೆ ಸಾಮಾನು ಕಟ್ಟೋ ಗೋಳಿಲ್ಲ," ಎಂದಿದ್ದಳು ಅಕ್ಕ. ಆಗಷ್ಟೇ ಅವಳು ಮೂರನೆಯ ಬಾಡಿಗೆ ಮನೆಗೆ ಬಂದಿದ್ದಳು.

ಎಡವಟ್ಟಾದದ್ದು ಆ ವರ್ಷವೇ. ಕೊಳವೆಯ ಅಂಚು ತಗುಲಿ ಅಂಗೈ ಕೊಯ್ದಿತ್ತು. ಮೂರನೆಯ ಹಲಗೆಯನ್ನು ಹೇಗೋ ಕೆರೆದಳು, ತಿಕ್ಕಲಿಲ್ಲ. ಲೋಳೆ ಸಮೇತ ಇಳಿಸಿಬಿಟ್ಟಳು. ಮುಂದಿನ ತಿಂಗಳು ಮಿಕ್ಕವುಗಳಲ್ಲಿ ಅಲ್ಲೊಂದು ಇಲ್ಲೊಂದು ಹುಳು, ಮೂರನೆಯದರಲ್ಲಿ ಬೆರಳಿಡಲು ಜಾಗವಿಲ್ಲ. ಡಾಕ್ಟರಮ್ಮ ಬಾಯ್ತುಂಬ ನಕ್ಕರು. ಅಕ್ಕ ತುಟಿಯವರೆಗೆ ಬಂದ ಸತ್ಯವನ್ನು ನುಂಗಿಕೊಂಡಳು. ಆ ನಗುವಿನ ಆಸೆಗೆ ಮುಂದೆಂದೂ ಮೂರನೆಯದನ್ನು ತಿಕ್ಕಲಿಲ್ಲ.

ಡಾಕ್ಟರಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಕ್ಕನ ಕೆಲಸದ ಕೊನೆಯ ದಿನ ಹೊಸ ಮೇಡಂ ಡಾಕ್ಟರಮ್ಮನ ಹಳೆಯ ದಪ್ಪ ಟಿಪ್ಪಣಿ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು. ಅದೆಲ್ಲ ಡಾಕ್ಟರಮ್ಮನ ಹೆಸರಿನಲ್ಲಿ ಅಚ್ಚಾಗುವುದಂತೆ. ಅಕ್ಕ ಮೇಜಿನ ಹತ್ತಿರ ಬಂದಳು. ತನ್ನ ಕಳ್ಳಾಟದಿಂದ ಸತ್ತವರ ಹೆಸರಿಗೆ ಮಸಿ ಬಳಿದಂತಾದರೆ?

"ಮೇಡಂ, ಅದನ್ನ ಅಚ್ಚು ಹಾಕಿಸಬೇಡಿ. ಮೂರನೇದನ್ನ ನಾನು ತಿಕ್ಕೋದೇ ಇಲ್ಲ. ತಪ್ಪು ನಂದು, ಡಾಕ್ಟರಮ್ಮಂದಲ್ಲ."

ಮೇಡಂ ಮೊದಲ ಪುಸ್ತಕವನ್ನು ಅವಳತ್ತ ತಿರುಗಿಸಿದರು. "ಲೋಳೆ ಇದ್ದಲ್ಲೇ ಮರಿಗಳು ಜಾಸ್ತಿ ನೆಲೆ ನಿಲ್ತವೆ ಅಂತ ಅವರು ಬರೆದಿರೋದೇ ಈ ಮೂರನೇ ಹಲಗೆ ನೋಡ್ಕೊಂಡು. ಓದಿ ಅಕ್ಕಾ."

ಪುಟದ ಅಂಚಿನಲ್ಲಿ ಡಾಕ್ಟರಮ್ಮನ ಗುಂಡು ಅಕ್ಷರವಿತ್ತು. 'ಮೂರನೆಯದನ್ನು ತಿಕ್ಕಿಲ್ಲ. ಕೇಳಿದರೆ ಹೆದರಿ ತಿಕ್ಕಿಬಿಡುತ್ತಾಳೆ. ಕೇಳುವುದಿಲ್ಲ.' ಮುಂದಿನ ತಿಂಗಳ ಪುಟದಲ್ಲಿ: 'ಈ ಸಲವೂ ಇಲ್ಲ. ಕದ್ದವಳಂತೆ ನಿಂತಿದ್ದ ಅವಳ ಮುಖ ನೋಡಿ ಮತ್ತೆ ನಗು ತಡೆಯಲಾಗಲಿಲ್ಲ.'

ಅಕ್ಕನಿಗೆ ಅಕ್ಷರ ಮಂಜಾಯಿತು. "ಹುಳ ನೋಡಿ ನಗ್ತಿದ್ರು ಅಂದ್ಕೊಂಡಿದ್ದೆ," ಎಂದಳು. ಆ ಪುಟವನ್ನು ಕೈಯಿಂದ ಒಮ್ಮೆ ಸವರಿ ಪುಸ್ತಕ ಮುಚ್ಚಿದಳು.

ಆಮೇಲೆ ಬ್ರಷ್ಷು ಹಿಡಿದು ಹೊರಗೆ ಹೋದಳು. ಆ ದಿನವೂ ಐದೇ ಹಲಗೆ ತಿಕ್ಕಿದಳು.